ಕಂಪ್ಯೂಟರಿನ ಹಣೆಬೊಟ್ಟು

ಹಿದಾಯತ್ ಉಲ್ಲಾ ಅವರ ಕಂಪ್ಯೂಟರಿಗೆ ಒಟ್ಟು ಒಂಬತ್ತು ಬೊಟ್ಟು. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್ ಬೊಟ್ಟುಗಳೇ. ಪಕ್ಕದ ಫ್ಯಾನ್ಸಿ ಸ್ಟೋರಿನ ಭವ್ಯಳ ಹತ್ತಿರ ಒಂದು ಹಾಳೆ ಕೊಂಡು ತಂದು, ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ತಾವೇ ಕೂರಿಸಿದ್ದರು. ಕೆಂಪು ಬೊಟ್ಟಿನ ಕೆಳಗೆ ರೆಕಾರ್ಡಿಂಗ್ ಬಟನ್ನು. ಹಸಿರಿನ ಕೆಳಗೆ ಹಾಡು ಕೇಳಿಸುವುದು, ಕಪ್ಪಿನ ಕೆಳಗೆ ನಿಲ್ಲಿಸುವುದು. ಮಿನುಗುವ ಕಲ್ಲಿನ ಬೊಟ್ಟು ಮಾತ್ರ ಸೇವ್ ಮಾಡುವುದಕ್ಕೆ ಮೀಸಲು, ಅದು ಮರೆಯಬಾರದ ಕೆಲಸ ಎಂದು.

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಕಿವಿ ಇತ್ತು. ಗುಂಡ್ಲುಪೇಟೆಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಆ ಪುಟ್ಟ ಕೋಣೆಯಲ್ಲಿ ಅವರು ಕ್ಯಾಸೆಟ್ ಕಾಲದಿಂದ ಹಾಡು ಹಿಡಿಯುತ್ತಿದ್ದರು. ಆಗೆಲ್ಲ ಒಂದು ಗುಂಡಿ ಒತ್ತಿದರೆ ಕಟಕ್ ಎಂದು ಒಳಕ್ಕೆ ಹೋಗಿ ಅಲ್ಲೇ ಕೂರುತ್ತಿತ್ತು, ಮತ್ತೆ ನಾವು ಎಬ್ಬಿಸುವವರೆಗೂ ಏಳುತ್ತಿರಲಿಲ್ಲ. ಹಾಡುವವರು ಕೆಮ್ಮಿದರೆ ಮೊದಲಿನಿಂದ ಹಾಡಬೇಕು. ಫ್ಯಾನ್ ಹಾಕುವಂತಿಲ್ಲ. ಬೆವರು ಒರೆಸಿಕೊಂಡು ಆಚೆ ಬಂದವರಿಗೆ ಸೋಡಾ. ಆ ಕೋಣೆಯಿಂದ ಶ್ರುತಿ ತಪ್ಪಿದ ಒಂದೇ ಒಂದು ಹಾಡು ಹೊರಗೆ ಹೋಗಿಲ್ಲ ಎಂಬುದು ಹಿದಾಯತ್ ಉಲ್ಲಾ ಅವರ ಜೀವಮಾನದ ಹೆಮ್ಮೆ.

ಆ ಬೆಳಿಗ್ಗೆ ಅವರು ಒಂದು ಕೈಯಲ್ಲಿ ಚಹಾ ಹಿಡಿದು ಕಂಪ್ಯೂಟರ್ ಹಾಕಿದಾಗ ಪರದೆಯ ನಡುವೆ ಒಂದು ಡಬ್ಬಿ ಬಂತು. ಇಂಥ ಡಬ್ಬಿಗಳು ಆಗಾಗ ಬರುತ್ತಿದ್ದವು. ಬಲಗಡೆಯ ನೀಲಿ ಬಟನ್ ಒತ್ತಿದರೆ ಹೋಗುತ್ತಿದ್ದವು. ಇವರು ಒತ್ತಿದರು. ಡಬ್ಬಿ ಹೋಯಿತು. ಅದರ ಜೊತೆಗೆ ಇಪ್ಪತ್ತು ನಿಮಿಷವೂ ಹೋಯಿತು. ಮತ್ತೆ ಪರದೆ ಬೆಳಗಿದಾಗ ಹಾಡು ಹಿಡಿಯುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದು ಕೂತಿತ್ತು.

ತವರಿಗೆ ಹೋಗಿ ಬರುವಷ್ಟರಲ್ಲಿ ಓರಗಿತ್ತಿ ಅಡುಗೆಮನೆಯ ಡಬ್ಬಗಳನ್ನೆಲ್ಲ ಚಂದ ಮಾಡಿ ಜೋಡಿಸಿಟ್ಟಿದ್ದರೆ ಹೇಗಿರುತ್ತದೋ ಹಾಗಿತ್ತು. ಎಲ್ಲವೂ ಚೊಕ್ಕಟ, ಯಾವುದೂ ಸಿಗುವುದಿಲ್ಲ. ಬೆಳ್ಳಗಿದ್ದ ಪರದೆ ಕಪ್ಪಾಗಿತ್ತು. ಅಕ್ಷರಗಳಿದ್ದ ಜಾಗದಲ್ಲಿ ಬೂದುಬಣ್ಣದ ಚಿಕ್ಕ ಚಿಕ್ಕ ಚಿತ್ರಗಳು. ಒಂಬತ್ತು ಬೊಟ್ಟುಗಳೂ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಅವುಗಳ ಕೆಳಗಿದ್ದ ಬಟನ್ನುಗಳು ಮಾತ್ರ ಊರು ಬಿಟ್ಟಿದ್ದವು.

"ಯಾ ಅಲ್ಲಾ!" ಎನ್ನುವಷ್ಟರಲ್ಲಿ ಬಾಗಿಲಲ್ಲಿ ಹಂಗಳದ ದೊಡ್ಡಮಾದಯ್ಯ ನಿಂತಿದ್ದರು. ಎಪ್ಪತ್ತೈದು ದಾಟಿದ ಜೀವ, ಹೆಗಲ ಮೇಲೆ ಟವೆಲು. ಎಲೆಅಡಿಕೆ ಚೀಲದಿಂದ ಒಂದು ಕ್ಯಾಸೆಟ್ ತೆಗೆದು ಎರಡೂ ಕೈಯಲ್ಲಿ ನೀಡಿದರು.

"ಸಾಬ್ರೆ, ಗ್ಯಾಪ್ನ ಐತಾ? ಮೂವತ್ತೆರ್ಡು ವರ್ಸದ ಇಂದ್ಕ ಇದೇ ರೂಮಲ್ಲಿ ನಮ್ಮೂರ್ ಎಂಗುಸ್ರು ಸೋಬಾನ ಪದ ಏಳಿದ್ರಲ್ಲಾ. ಟೆಂಪೋಲಿ ಬಂದಿದ್ರು. ನನ್ನೆಡ್ತಿ ಪುಟ್ಟಮಾದಮ್ಮನೂ ಬಂದಿದ್ಲು."

ಹಿದಾಯತ್ ಉಲ್ಲಾ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದರು. ಅದರ ಮೇಲಿದ್ದದ್ದು ತಮ್ಮದೇ ಕೈಬರಹ. "ಐತೆ ಯಜಮಾನ್ರೆ, ಹನ್ನೆರಡು ಜನ ಬಂದಿದ್ರು. ಪುಟ್ಟಮಾದಮ್ಮನವ್ರು ಹೆಂಗಿದಾರೆ?"

"ಅವ್ಳು ಓಗಿ ಇಪ್ಪತ್ನಾಕು ವರ್ಸ ಆಯ್ತು. ಮೊಮ್ಮಗ್ಳು ಮೀನಂಗೆ ನಾಳ ಚಪ್ಪರ. ಕುದೇರಿಗೆ ಕೊಡ್ತಾ ಇವಿ. ಅಜ್ಜಿ ಮೊಕನೇ ನೋಡಿಲ್ಲ ಆ ಕೂಸು. ಅರಿಸಿನ ಅಚ್ಚುವಾಗ ಅಜ್ಜಿ ದನೀನಾರ ಕೇಳ್ಲಿ ಅಂತ. ಅದ್ಯಾವ್ದೋ ಪೆನ್ ಡ್ರೈವ್‌ಗ ಆಕ್ಸಿ ಅಂದ ಮೈಕ್‌ಸೆಟ್ನೋನು."

ಟೇಪು ಎರಡು ಕಡೆ ಹರಿದು ಅಂಟಿಸಿಕೊಂಡಿತ್ತು. ಅಂಚೆಲ್ಲ ಸುಕ್ಕು. ಹಿದಾಯತ್ ಉಲ್ಲಾ ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿ ನೋಡಿ, ನಿಟ್ಟುಸಿರು ಬಿಟ್ಟರು. "ಯಜಮಾನ್ರೆ, ಇದು ಒಂದೇ ಸಲ ಓಡೋದು. ಎರಡನೇ ಸಲಕ್ಕೆ ಉಳಿಯೋದಿಲ್ಲ."

"ಒಂದೇ ಸಲ ಸಾಕು ಬುಡಿ. ನೀವು ಇಡ್ಕಬುಡ್ತೀರಿ."

ಹಿದಾಯತ್ ಉಲ್ಲಾ ಕ್ಯಾಸೆಟ್ಟನ್ನು ಜೋಪಾನವಾಗಿ ಮೇಜಿನ ಮೇಲಿಟ್ಟರು. ಟೇಪ್ ರೆಕಾರ್ಡರಿಗೂ ಕಂಪ್ಯೂಟರಿಗೂ ವೈರ್ ಜೋಡಿಸಿದರು. ಕ್ಯಾಸೆಟ್ ಹಾಕುವ ಮೊದಲು ಒಮ್ಮೆ ಪರೀಕ್ಷೆ ಮಾಡೋಣ ಎಂದು, ಅಭ್ಯಾಸಬಲದಿಂದ ಬಾಣವನ್ನು ಕೆಂಪು ಬೊಟ್ಟಿನ ಕೆಳಕ್ಕೆ ತಂದು ಒತ್ತಿದರು.

ಡಂ ಡಂ ಡಂ ಟಸ್ ಡಂ! ಗೋಡೆಯ ಮೊಟ್ಟೆ ಟ್ರೇಗಳು ಅದುರಿದವು. ಕೆಂಪು ಬೊಟ್ಟಿನ ಮನೆಯಲ್ಲಿ ಈಗ ಡ್ರಮ್ಮು ಬಾಡಿಗೆಗಿತ್ತು. ಗಾಬರಿಯಿಂದ ಕಪ್ಪು ಬೊಟ್ಟಿಗೆ ಹೋಗಿ ಒತ್ತಿದರೆ ನಿಲ್ಲಲಿಲ್ಲ, ಇನ್ನೂ ಜೋರಾಗಿ ಓಡಿತು. ದೊಡ್ಡಮಾದಯ್ಯ ಟವೆಲಿನಿಂದ ಕಿವಿ ಮುಚ್ಚಿಕೊಂಡರು.

ಗಲ್ಲಿಗೆ ಇಷ್ಟು ಸಾಕಿತ್ತು. ಮೊದಲು ಭವ್ಯ ಬಂದಳು. "ಏನ್ ಭಾಯ್, ಬೆಳ್ಬೆಳಿಗ್ಗೇನೆ ಡಿಜೆ?" ಅವಳ ಹಿಂದೆ ಎದುರಿನ ಜೆರಾಕ್ಸ್ ಅಂಗಡಿಯ ಚಂದ್ರಕುಮಾರ್. ಅವನ ಹಿಂದೆ, ಮಹಡಿ ಮೇಲಿನ ನಿವೃತ್ತ ಸಂಗೀತ ಮೇಷ್ಟ್ರು ಶಂಭುಲಿಂಗಪ್ಪ, ಅರ್ಧ ಗಡ್ಡ ಹೆರೆದ ಸೋಪಿನ ಮುಖದಲ್ಲೇ.

ಚಂದ್ರಕುಮಾರ್ ಸೀದಾ ಪ್ಲಗ್ ಕಿತ್ತ. ಡ್ರಮ್ಮು ಸತ್ತಿತು. "ಸರೀರಿ ಭಾಯ್, ನಾನ್ ನೋಡ್ತೀನಿ. ದಿನಾ ಕಂಪ್ಯೂಟ್ರಲ್ಲೇ ಅಲ್ವಾ ನನ್ ಕೆಲ್ಸ" ಎಂದ. ಅವನಿಗೆ ಗೊತ್ತಿದ್ದ ಕಂಪ್ಯೂಟರ್ ವಿದ್ಯೆಯೆಲ್ಲ ಪ್ರಿಂಟ್ ಕೊಡುವುದು ಮತ್ತು ಪ್ರಿಂಟ್ ಸಿಕ್ಕಿಹಾಕಿಕೊಂಡರೆ ಎಳೆಯುವುದು. ಆದರೂ ಕುರ್ಚಿ ಹಿಡಿದು ಕೂತೇಬಿಟ್ಟ.

ಕಂಪ್ಯೂಟರ್ ಮತ್ತೆ ಎದ್ದ ಮೇಲೆ ಎಲ್ಲರೂ ಪರದೆಗೆ ಮುಖ ಕೊಟ್ಟರು.

"ಹೆಸ್ರೇ ಇಲ್ವಲ್ರೋ ಒಂದಕ್ಕೂ. ಕರೀ ಹಲಗೆ ಮೇಲೆ ಇದ್ದಿಲಲ್ಲಿ ಬರ್ದವ್ರೆ" ಎಂದರು ಶಂಭುಲಿಂಗಪ್ಪ.

"ಇದು ಬಾಚಣಿಗೆ" ಎಂದಳು ಭವ್ಯ.

"ಬಾಚಣಿಗೆ ಅಲ್ಲಮ್ಮ, ಹಾರ್ಮೋನಿಯಂ ಮನೆಗಳು. ಅದರ ಪಕ್ಕ ಊದುಗಡ್ಡಿ."

"ಊದುಗಡ್ಡಿ ಯಾಕ್ ಮೇಷ್ಟ್ರೇ ಕಂಪ್ಯೂಟ್ರಲ್ಲಿ?"

"ಹೊಸದು ಬಂದದಲ್ಲ, ಪೂಜೆ ಮಾಡ್ಲಿ ಅಂತ ಇಟ್ಟಿರ್ಬೋದು!"

ಹಿದಾಯತ್ ಉಲ್ಲಾ ಅಳುವುದೊಂದು ಬಾಕಿ. "ಅರೆ, ರೆಕಾರ್ಡಿಂಗು ಹುಡುಕ್ರಪ್ಪ! ಯಜಮಾನ್ರು ಸಂಜೆ ಬಸ್ಸಿಗೆ ಹೋಗ್ಬೇಕು."

ಬಾಣ ಹತ್ತಿರ ಬಂದರೆ ಮಾತ್ರ ಮುಖ ತೋರಿಸುವ, ಇಲ್ಲದಿದ್ದರೆ ಮರೆಯಾಗುವ ಬಟನ್ನುಗಳೂ ಇದ್ದವು, ಹೊಸ ಸೊಸೆಯರ ಹಾಗೆ. ಅಂಥದೊಂದರ ಹಿಂದೆ ಕೊನೆಗೂ ಒಂದು ಪುಟ್ಟ ಉಂಡೆ ಸಿಕ್ಕಿತು. ಒತ್ತಿದರೆ ಕೆಂಪಾಯಿತು. ಮೇಷ್ಟ್ರನ್ನು ಮೈಕಿನ ಮುಂದೆ ನಿಲ್ಲಿಸಿ "ಸಾ" ಎನ್ನಿಸಿದರು. ಅವರು ಸಾ ಎಂದು ಅಲ್ಲಿಗೇ ಬಿಡದೆ ಒಂದು ಸುತ್ತು ಹಾಡಿಯೂ ಬಿಟ್ಟರು. ಎಲ್ಲವೂ ದಾಖಲಾಯಿತು. ಅಲ್ಲಿಗೆ ಮಧ್ಯಾಹ್ನವಾಗಿತ್ತು.

ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿದರು. ಹಿದಾಯತ್ ಉಲ್ಲಾ ಬಿಸ್ಮಿಲ್ಲಾ ಎಂದು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ಕಟಕ್. ಆ ಸದ್ದಿಗೇ ಅವರಿಗೆ ಮೂವತ್ತು ವರ್ಷ ಕಡಿಮೆಯಾಯಿತು.

ಮೊದಲು ಸುರ್ ಎಂಬ ಸದ್ದು. ಆಮೇಲೆ ದೂರದ ಊರಿನಿಂದ ಬರುವಂತೆ ಹೆಂಗಸರ ದನಿ. ವೈರಿನಲ್ಲಿ ಹರಿದು ಪರದೆಯ ಮೇಲೆ ಬೆಟ್ಟಸಾಲಿನ ಹಾಗೆ ಮೂಡುತ್ತ ಹೋಯಿತು. ಏಳು ನಿಮಿಷ. ಕೊನೆಯ ಸೋಬಾನೆ ಮುಗಿಯುತ್ತಿದ್ದಂತೆ ಗರ್ರ್ ಎಂದು ಟೇಪು ಸುತ್ತಿಕೊಂಡು, ಒಳಗೆಲ್ಲೋ ತುಂಡಾಯಿತು. ರೆಕಾರ್ಡರಿನ ಮುಚ್ಚಳ ತೆರೆದರೆ ಟೇಪು ಕಂದು ಬಣ್ಣದ ಸೇಮಿಗೆಯ ಹಾಗೆ ಗುಪ್ಪೆಯಾಗಿ ಹೊರಗೆ ಬಂತು.

"ಓದ್ರೆ ಓಯ್ತು ಬುಡಿ, ಸಿಕ್ತಲ್ಲಾ" ಎಂದರು ದೊಡ್ಡಮಾದಯ್ಯ.

"ಸಿಕ್ತು ಯಜಮಾನ್ರೆ!" ಹಿದಾಯತ್ ಉಲ್ಲಾ ಕಣ್ಣೊರೆಸಿಕೊಂಡರು.

ಅವರು ಕಣ್ಣೊರೆಸಿಕೊಳ್ಳುವ ಆ ಒಂದು ಗಳಿಗೆಯಲ್ಲಿ ಚಂದ್ರಕುಮಾರ್ ಮೇಷ್ಟ್ರ ಊದುಗಡ್ಡಿಯನ್ನು ಒತ್ತಿದ. ಅದು ಊದುಗಡ್ಡಿಯಾಗಿರಲಿಲ್ಲ, ಮಂತ್ರದಂಡ. ಒಂದೇ ಸಲಕ್ಕೆ ಹಾಡನ್ನೆಲ್ಲ ತಾನೇ ತೊಳೆದು, ತಾನೇ ತಿದ್ದಿ ಕೊಡುವುದು ಹೊಸ ಆವೃತ್ತಿಯ ದೊಡ್ಡ ಹೆಚ್ಚುಗಾರಿಕೆ. "ಏನೋ ಕೇಳ್ತು ಭಾಯ್, ಸರಿ ಅಂದ್ಬುಟ್ಟೆ" ಎಂದ ಚಂದ್ರಕುಮಾರ್.

ಹಾಡು ಹಾಕಿದರು. ಸುರ್ ಸದ್ದಿಲ್ಲ. ಕೆಮ್ಮಿಲ್ಲ. ಗಾಜಿನ ಲೋಟದಲ್ಲಿ ನೀರು ತುಂಬಿದಂತೆ ತಿಳಿಯಾದ ದನಿಗಳು, ಒಟ್ಟಿಗೆ ಏಳುತ್ತ, ಒಟ್ಟಿಗೆ ಇಳಿಯುತ್ತ. ಶಂಭುಲಿಂಗಪ್ಪನವರ ಸೋಪು ಒಣಗಿದ ಕೆನ್ನೆಯ ಮೇಲೆ ಕಣ್ಣೀರು ದಾರಿ ಮಾಡಿತು. "ಒಂದು ಕೂದಲೆಳೆ ಶ್ರುತಿ ಆಚೀಚೆ ಇಲ್ಲ ಕಣಯ್ಯಾ ಹಿದಾಯತ್!" ಭವ್ಯ ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು, "ಅಜ್ಜಿ ದನಿ ಜೇನು ಭಾಯ್" ಎಂದಳು. ಹಿದಾಯತ್ ಉಲ್ಲಾ ಅವರಿಗೆ ಬೆಳಗಿನಿಂದ ಮೊದಲ ಸಲ ಈ ಕಪ್ಪು ಪರದೆಯ ಮೇಲೆ ಪ್ರೀತಿ ಹುಟ್ಟಿತು.

ದೊಡ್ಡಮಾದಯ್ಯ ಮಾತ್ರ ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಗಿಲಲ್ಲಿ ಯಾರನ್ನೋ ಕಾಯುವವರ ಹಾಗೆ ಕೂತಿದ್ದರು. ಹಾಡು ಮುಗಿಯಿತು.

"ಚೆಂದಾಗೈತೆ ಸಾಬ್ರೆ. ಪುಟ್ಟಮಾದಮ್ಮ ಎಲ್ಲಿ?"

"ಇವ್ರೇ ಅಲ್ವಾ, ಮುಂದೆ ಹೇಳ್ಕೊಡೋರು?"

"ಅದು ನಮ್ ನಾದ್ನಿ, ಉಮ್ಮತ್ತೂರವ್ಳು. ನನ್ನೆಡ್ತಿ ಇಂದ್ಗಡ ಏಳೋಳು. ಎಲ್ರೂ ಸೋಬಾನ ಅಂದು ಮುಗುಸುದ್ ಮ್ಯಾಲ ಅವ್ಳು ಒಬ್ಳೇ ಇಂದ ಉಳ್ಕಂಡು, ವಸಿ ಸೊಟ್ಟಕ್ಕ ಏಳ್ಕ ಬರೋಳು. ನಮ್ಮಟ್ಟೀಲಿ ಎಲ್ಲಾ ನಗೋರು. ಅವ್ಳು ಈ ಪದದಲ್ಲಿ ಇಲ್ವೇ ಇಲ್ಲ ಸಾಬ್ರೆ."

ಹಿದಾಯತ್ ಉಲ್ಲಾ ಅವರ ಮುಖ ಸುಣ್ಣವಾಯಿತು. ನೆನಪಾಯಿತು. ಹನ್ನೆರಡು ಹೆಂಗಸರಲ್ಲಿ ಹಿಂದೆ ಬೀಳುತ್ತಿದ್ದ, ಸ್ವರ ಸೊಟ್ಟಗಿದ್ದ ಒಬ್ಬಾಕೆ. ಹಾಡಬೇಡಿ ಎನ್ನಲು ಮನಸ್ಸಾಗದೆ, "ಅಮ್ಮಾ, ನೀವು ಬಾಗಿಲ ಹತ್ರ ನಿಂತ್ಕಳಿ, ಕೋಳಿ ಒಳಗೆ ಬರ್ದಂಗೆ ನೋಡ್ಕಂಡು ಹೇಳಿ" ಎಂದು ಮೈಕಿನಿಂದ ದೂರ ಕಳಿಸಿದ್ದರು. ಆಕೆ ನಗುತ್ತ ಹೋಗಿ ನಿಂತಿದ್ದಳು. ಅಂದು ತಾವು ಬಾಗಿಲವರೆಗೆ ಕಳಿಸಿದವಳನ್ನು ಇಂದು ಈ ಯಂತ್ರ ಬಾಗಿಲಾಚೆಗೇ ತಳ್ಳಿತ್ತು. ಶ್ರುತಿ ತಪ್ಪಿದ್ದನ್ನು ತಿದ್ದಿತ್ತು, ತಿದ್ದಲಾಗದ್ದನ್ನು ಕಸವೆಂದು ಗುಡಿಸಿತ್ತು.

"ಚಂದ್ರು, ವಾಪಸ್ ತರಪ್ಪ!"

"ಎಂಗ್ ತರದು ಭಾಯ್? ನಂಗ್ ಒತ್ತಾದ್ ಮಾತ್ರ ಗೊತ್ತಿತ್ತು."

ಹುಡುಕಾಟ ಶುರುವಾಯಿತು. ಭವ್ಯಳ ಬಾಚಣಿಗೆ ಒತ್ತಿದರೆ ಹೆಂಗಸರೆಲ್ಲ ಗಂಡಸರ ದನಿಯಲ್ಲಿ ಹಾಡಿದರು. ಮೇಷ್ಟ್ರು ತೋರಿಸಿದ್ದನ್ನು ಒತ್ತಿದರೆ ಗುಹೆಯೊಳಗಿನಿಂದ ಹಾಡಿದರು. ಇನ್ನೊಂದಕ್ಕೆ ಪರದೆ ಪೂರ್ತಿ ಖಾಲಿಯಾಗಿ, ನಾಲ್ವರೂ ಒಟ್ಟಿಗೆ "ಅಯ್ಯೋ" ಎಂದರು. ಟೇಪು ನೆಲದ ಮೇಲೆ ತುಂಡಾಗಿ ಬಿದ್ದಿತ್ತು. ಭೂಮಿಯ ಮೇಲೆ ಪುಟ್ಟಮಾದಮ್ಮನ ದನಿ ಬೇರೆಲ್ಲೂ ಇರಲಿಲ್ಲ.

"ನೀನ್ಯಾಕ್ಲಾ ಮುಟ್ದೆ?" "ನೀವೇ ಅಲ್ವಾ ಮೇಷ್ಟ್ರೇ ಊದುಗಡ್ಡಿ ಅಂದಿದ್ದು!" ಎಂದು ಜಗಳ ಏರುತ್ತಿದ್ದಾಗ ದೊಡ್ಡಮಾದಯ್ಯ ಎದ್ದು ಬಂದು ಪರದೆಗೆ ಬೆರಳು ಊರಿದರು.

"ಜಗ್ಳ ಬುಡ್ರಪ್ಪ. ಅಲ್ನೋಡಿ, ಎತ್ತು ಬದಿನ್ ತಾವ ತಿರಿಕಂಡು ಬಂದ ಸಾಲ್ಗೇ ವಾಪಸ್ ಓಯ್ತಾ ಐತೆ."

ಮೂಲೆಯಲ್ಲಿ ಹಿಂದಕ್ಕೆ ಬಾಗಿದ ಒಂದು ಪುಟ್ಟ ಬಾಣದ ಗುರುತಿತ್ತು. ಹಿದಾಯತ್ ಉಲ್ಲಾ ಅದನ್ನು ಒತ್ತಿದರು. ಖಾಲಿ ಪರದೆಗೆ ಹಾಡು ಬಂತು. ಮತ್ತೆ ಒತ್ತಿದರು, ಗುಹೆ ಹೋಯಿತು. ಮತ್ತೊಮ್ಮೆ, ಗಂಡಸರು ಹೆಂಗಸರಾದರು. ಕೊನೆಯ ಸಲಕ್ಕೆ ಸುರ್ ಎಂಬ ಸದ್ದು. ಕೆಮ್ಮು. ಹನ್ನೊಂದು ಹೆಂಗಸರು ಸೋಬಾನೆ ಎಂದು ಮುಗಿಸಿದರು. ಮುಗಿಸಿ ಒಂದು ಉಸಿರಾದ ಮೇಲೆ ಬಹಳ ದೂರದಿಂದ, ಸ್ವಲ್ಪ ಸೊಟ್ಟಗೆ, ಯಾವ ಅವಸರವೂ ಇಲ್ಲದೆ ಒಂಟಿ ದನಿ ಬಂತು.

"ಅಗೋ! ಬಂದ್ಲು ನೋಡಿ!" ದೊಡ್ಡಮಾದಯ್ಯ ತೊಡೆ ತಟ್ಟಿ ನಕ್ಕರು. ನಗುತ್ತ ನಗುತ್ತ ಟವೆಲು ಮುಖಕ್ಕೆ ಹೋಯಿತು.

ಹಿದಾಯತ್ ಉಲ್ಲಾ ಪೆನ್ ಡ್ರೈವ್ ತೆಗೆಯಲು ಕೈ ಚಾಚಿದರು. ದೊಡ್ಡಮಾದಯ್ಯ ಆ ಕೈ ಹಿಡಿದುಕೊಂಡರು.

"ಸಾಬ್ರೆ, ಅವ್ಳು ಸಾಯಗಂಟ ಏಳ್ತಿದ್ಲು, ಸಾಬ್ರು ನನ್ನ ಕೋಳಿ ಕಾಯಕ್ ನಿಲ್ಸುದ್ರು ಅಂತ. ಬೇಜಾರಿಂದಲ್ಲ, ನಕ್ಕೊಂಡೇ. ಈಗ ನಿಮ್ತಾವ ಒಸ ಮಿಸಿನ್ ಐತಲ್ಲಾ. ಅವ್ಳ ವಸಿ ಮುಂದಕ್ಕ ಕರ್ಕಬುಡಿ."

ಹಿದಾಯತ್ ಉಲ್ಲಾ ಪರದೆ ನೋಡಿದರು. ಉಳಿದವರು ಹಾಡಿ ನಿಲ್ಲಿಸಿದ ಕಡೆಯೆಲ್ಲ ಒಂದೊಂದು ಪುಟ್ಟ ದಿಬ್ಬ. ಅದೇ ಪುಟ್ಟಮಾದಮ್ಮ. ಹುಡುಕಾಟದ ನಡುವೆ ಅವರೇ ಕಂಡಿದ್ದಂತೆ, ಹೊಸ ಆವೃತ್ತಿಯಲ್ಲಿ ಅಂಥ ದಿಬ್ಬವನ್ನು ಬಾಣದಿಂದ ಹಿಡಿದು ಎಳೆದರೆ ಸಾಕು, ಹಿಟ್ಟು ಉಬ್ಬಿದಂತೆ ಮೇಲೇಳುತ್ತಿತ್ತು. ಮಾಡಿದ ಎಲ್ಲ ಸುಧಾರಣೆಗಳಲ್ಲಿ ಇದೊಂದನ್ನು ಮಾತ್ರ ಅದು ನಿಜಕ್ಕೂ ಸುಲಭ ಮಾಡಿತ್ತು.

"ಶ್ರುತಿ ಪೂರಾ ಹೋಗ್ತದೆ ಹಿದಾಯತ್" ಎಂದು ಶಂಭುಲಿಂಗಪ್ಪ ಪಿಸುಗುಟ್ಟಿದರು. "ಆಚೆ ಯಾರಿಗೂ ನಿನ್ನ ಸ್ಟುಡಿಯೊದ್ದು ಅಂತ ಹೇಳ್ಬೇಡ."

"ಎಂಗ್ ಏಳ್ದೆ ಇರಾದು?" ದೊಡ್ಡಮಾದಯ್ಯನವರ ಕಿವಿ ಚುರುಕಾಗಿತ್ತು. "ನಾಳ ನಾಕೂರಿನ ಪದಗಾರ್ರು ಬತ್ತಾರೆ. ಪದ ಸುರುವಾಗಕ್ ಮುಂಚ ಒಂದಪ, ಮುಗುದ್ ಮ್ಯಾಲ ಒಂದಪ, ಗುಂಡ್ಲುಪೇಟ ಇದಾಯತ್ ಸಾಬ್ರು ಮಾಡ್ಕೊಟ್ಟಿದ್ದು ಅಂತ ಮೈಕಲ್ಲಿ ಏಳುಸ್ತೀನಿ!"

"ಬ್ಯಾಡಿ ಯಜಮಾನ್ರೆ, ಹೆಸ್ರೆಲ್ಲ ಯಾಕೆ..."

"ಅಯ್, ಬುಟ್ಟಾರಾ! ನೀವು ಎಳೀರಿ."

ಹಿದಾಯತ್ ಉಲ್ಲಾ ಎಳೆದರು. ಮೂವತ್ತೆರಡು ವರ್ಷದ ಮೇಲೆ ಪುಟ್ಟಮಾದಮ್ಮ ಬಾಗಿಲು ಬಿಟ್ಟು, ಅರ್ಧ ಸಾಲು ತಡವಾಗಿ, ತನ್ನದೇ ಸ್ವರದಲ್ಲಿ, ಹನ್ನೊಂದು ಹೆಂಗಸರ ನಡುವೆ ನುಸುಳಿ ಮುಂದೆ ಬರತೊಡಗಿದಳು. ಮೇಷ್ಟ್ರು ಕಣ್ಣು ಮುಚ್ಚಿದರು. ಹಿದಾಯತ್ ಉಲ್ಲಾ ಹಲ್ಲು ಕಚ್ಚಿ ಕೈ ನಿಲ್ಲಿಸಿದರು.

"ಇನ್ನೂ ವಸಿ ಸಾಬ್ರೆ" ಎಂದರು ದೊಡ್ಡಮಾದಯ್ಯ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು. "ನಾದ್ನಿಗಿಂತ ಮುಂದಕ್ಕ ಬರ್ಲಿ."