ಓಡಿದಷ್ಟೂ ಪೆಟ್ರೋಲ್ ಏರುವ ಕಾರು

ಗುರುಲಿಂಗಪ್ಪನ ಅಂಬಾಸಿಡರ್ ಕಾರಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಬೇಕಾದರೆ ಇಂಜಿನ್ನಿನ ಬಿಸಿ ತೋರಿಸುವ ಮೀಟರು ನೋಡಬೇಕಿತ್ತು. ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ತಿಳಿಯಬೇಕಾದರೆ ಪೆಟ್ರೋಲ್ ಮೀಟರು ನೋಡಬೇಕಿತ್ತು. ಹಿಂದಿನ ಮಾಲಕನ ಕಾಲದಲ್ಲಿ ಯಾರೋ ಪುಣ್ಯಾತ್ಮ ಡ್ಯಾಶ್‌ಬೋರ್ಡಿನ ಹಿಂದೆ ಎರಡು ವೈರುಗಳನ್ನು ಅದಲುಬದಲು ಜೋಡಿಸಿಬಿಟ್ಟಿದ್ದ. ಗುರುಲಿಂಗಪ್ಪ ಅದನ್ನು ಸರಿಪಡಿಸುವ ಗೋಜಿಗೇ ಹೋಗಲಿಲ್ಲ. ಅಕ್ಕನ ಹೆಸರಿನಿಂದ ತಂಗಿಯನ್ನು ಕರೆದರೂ ಮನೆ ನಡೆಯುತ್ತದೆ, ಮನೆಯವರಿಗೆ ಗೊತ್ತಿದ್ದರೆ ಸಾಕು ಎಂಬುದು ಅವನ ನ್ಯಾಯ. ಹನ್ನೊಂದು ವರ್ಷ ಹೀಗೇ ನಡೆದಿತ್ತು.

ಕಲಬುರಗಿಯನ್ನು ಎಲ್ಲರೂ ಇನ್ನೂ ಗುಲ್ಬರ್ಗಾ ಎನ್ನುತ್ತಿದ್ದ ಕಾಲ. ಖೂಬಾ ಪ್ಲಾಟ್ ಬಡಾವಣೆಯ ಗುರುಲಿಂಗಪ್ಪನಿಗೆ ಆ ಶನಿವಾರ ಒಂದೇ ಕೆಲಸ. ಕಮಲಾಪುರಕ್ಕೆ ಹೋಗಿ ಅತ್ತೆ ಪುತಳಾಬಾಯಿಯನ್ನು ಕರೆತಂದು ಮಧ್ಯಾಹ್ನ ಒಂದು ಗಂಟೆಯೊಳಗೆ ಕಣ್ಣಿನ ದವಾಖಾನೆಗೆ ಮುಟ್ಟಿಸಬೇಕು. ಮುದುಕಿಗೆ ಎರಡೂ ಕಣ್ಣಿಗೆ ಪೊರೆ. ಕರೆಂಟ್ ಕಂಬಕ್ಕೆ "ಯಾರಪ್ಪಾ, ಸ್ವಲ್ಪ ಸರಿ" ಎನ್ನುವ ಮಟ್ಟಕ್ಕೆ ಬಂದಿತ್ತು. ಗುರುಲಿಂಗಪ್ಪನ ಮಗಳು ಹೆತ್ತು ಮೂರು ತಿಂಗಳಾದರೂ ಮುದುಕಿ ಕೂಸಿನ ಮುಖವನ್ನು ಕೈಯಿಂದ ಸವರಿದ್ದಷ್ಟೇ, ಕಂಡಿರಲಿಲ್ಲ. ಆಪರೇಷನ್ ಮಾಡುವ ಡಾಕ್ಟರು ಸೊಲ್ಲಾಪುರದಿಂದ ತಿಂಗಳಿಗೊಮ್ಮೆ ಬರುವವರು. ಹೋದ ತಿಂಗಳು ಬಸ್ಸು ಕೆಟ್ಟು ಸರದಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಹೆಂಡತಿ ಬಂಡೆಮ್ಮ ತನ್ನ ಕಣ್ಣನ್ನೇ ಕಿತ್ತಾಳೆಂದು ಗುರುಲಿಂಗಪ್ಪನಿಗೆ ಗೊತ್ತಿತ್ತು.

ಬೆಳಿಗ್ಗೆ ಎಂಟಕ್ಕೆ ಹೊರಟ. ಕಮಲಾಪುರದ ಕೆಂಪು ಬಾಳೆಹಣ್ಣು ಬೇಕೆಂದು ಪಕ್ಕದ ಮನೆಯ ಮಾಳಿಂಗಪ್ಪ, ಕರೆಯದಿದ್ದರೂ, ಮುಂದಿನ ಸೀಟಿನಲ್ಲಿ ಬಂದು ಕೂತ. ಗಾಡಿ ಚಾಲೂ ಮಾಡಿ ಗುರುಲಿಂಗಪ್ಪ ಬಿಸಿಯ ಮೀಟರು ನೋಡಿದ. ಮುಳ್ಳು ತಳಕ್ಕೆ ಬಿದ್ದಿತ್ತು. ಅಂದರೆ ಪೆಟ್ರೋಲು ಸೊನ್ನೆ. ಮೊನ್ನೆ ಗಾಡಿ ನಿಲ್ಲಿಸುವಾಗ ಇನ್ನೂ ಎರಡು ಮೂರು ಲೀಟರಾದರೂ ಇತ್ತಲ್ಲ ಎಂದು ಮೀಟರಿನ ಗಾಜು ಉಜ್ಜಿ ನೋಡಿದ. ಯಾರೋ ಪೈಪು ಹಾಕಿ ಹೀರಿದ್ದಾರೆ, ಈ ಓಣಿಯಲ್ಲಿ ಯಾರನ್ನೂ ನಂಬುವ ಹಾಗಿಲ್ಲ ಎಂದು ಮಾಳಿಂಗಪ್ಪ ಅದೇ ಓಣಿಯವನಾಗಿ ತೀರ್ಪು ಕೊಟ್ಟ. ಮೊದಲು ಪೆಟ್ರೋಲ್ ಬಂಕಿಗೆ ಎಂದು ಹೊರಟರು.

ಹುಮನಾಬಾದ್ ರಸ್ತೆಯ ಬಂಕು ಬರುವಷ್ಟರಲ್ಲಿ ಒಂದು ಚಮತ್ಕಾರವಾಯಿತು. ತಳಕ್ಕೆ ಬಿದ್ದ ಮುಳ್ಳು, ನಿದ್ದೆಯಿಂದ ಎದ್ದ ಬೆಕ್ಕಿನ ಹಾಗೆ ಮೈಮುರಿದು ನಿಧಾನಕ್ಕೆ ಮೇಲೇರಿತು. ಬಂಕಿನ ಮುಂದೆ ಬಂದಾಗ ಕಾಲು ಭಾಗ ದಾಟಿತ್ತು.

"ಬಿಡ್ರಿ ಗುರುಲಿಂಗಪ್ಪನೋರ, ಏರ್ಲಾಕತ್ತದ," ಎಂದ ಮಾಳಿಂಗಪ್ಪ. "ಬಿಸಲಿಗಿ ಟ್ಯಾಂಕಿನ್ಯಾಗ ಹಾಲು ಉಕ್ಕಿದಂಗ ಉಕ್ಕತದ. ಸುಮ್ ನಡೀರಿ."

ಹೊತ್ತಾಗುತ್ತಿತ್ತು. ನಿಲ್ಲಿಸದೆ ನಡೆದ. ಮುಳ್ಳು ಅರ್ಧಕ್ಕೆ ಬಂತು, ಮುಕ್ಕಾಲಿಗೆ ಬಂತು. ಅತ್ತ ಪೆಟ್ರೋಲ್ ಮೀಟರಿನ ಮುಳ್ಳು ನಾಚಿಕೆಯ ಸೊಸೆಯ ಹಾಗೆ ತಲೆ ತಗ್ಗಿಸುತ್ತ ಹೋಯಿತು. ಅಂದರೆ ಗಾಡಿ ಓಡಿದಷ್ಟೂ ಪೆಟ್ರೋಲು ಹೆಚ್ಚುತ್ತಿದೆ, ಇಂಜಿನ್ನು ತಣ್ಣಗಾಗುತ್ತಿದೆ. ಲೋಕದಲ್ಲಿ ಯಾವ ಗಾಡಿಗೂ ಇಲ್ಲದ ಭಾಗ್ಯ ಇದು, ಮುದುಕಿಯ ಪುಣ್ಯ ದೊಡ್ಡದು ಎಂದು ಗುರುಲಿಂಗಪ್ಪ ಸ್ಟೇರಿಂಗಿನ ಮೇಲಿಂದ ಒಂದು ಕೈ ತೆಗೆದು ಶರಣಬಸವಪ್ಪನಿಗೆ ಮುಗಿದ. ರೇಡಿಯೇಟರ್ ಸೋರುತ್ತಿದ್ದುದರಿಂದ ದಾರಿಯಲ್ಲಿ ಒಮ್ಮೆ ನೀರು ಹಾಕುವುದು ವಾಡಿಕೆ. ಇಂಜಿನ್ ಇಷ್ಟು ತಣ್ಣಗಿರುವಾಗ ಅದೂ ಬೇಡವೆನಿಸಿತು.

ಮಹಾಗಾಂವದ ಬಳಿ ಬಾನೆಟ್ಟಿನಿಂದ ಬುಸ್ಸೆಂದು ಉಗಿ ಎದ್ದಿತು. ಗಾಡಿ ಎರಡು ಸಲ ಬಿಕ್ಕಿ ನಿಂತಿತು. ಮುಳ್ಳುಗಳ ಪ್ರಕಾರ ಟ್ಯಾಂಕು ತುಳುಕುತ್ತಿತ್ತು, ಇಂಜಿನ್ನು ಐಸ್ ಗಡ್ಡೆಯಾಗಿತ್ತು.

ಚಹಾದಂಗಡಿಯ ಮುಂದಿದ್ದವರೆಲ್ಲ ಬಂದು ಮುತ್ತಿದರು. ಒಬ್ಬ ಪ್ಲಗ್ಗು ಎಂದ, ಒಬ್ಬ ಕಾರ್ಬೋರೇಟರ್ ಎಂದ, ಒಬ್ಬ ಮುಂದಿನ ಗಾಲಿಗೆ ಲಿಂಬೆಹಣ್ಣು ಕಟ್ಟಲಿಲ್ಲವೇ ಎಂದು ಕೇಳಿದ. ತೊಗರಿ ಹೊಲದಿಂದ ಬರುತ್ತಿದ್ದ ಮಲ್ಕಮ್ಮ ಎಂಬ ಮುದುಕಿ ಮಾತ್ರ ಏನೂ ಕೇಳದೆ ತಾನು ಕುಡಿಯಲು ಹೊತ್ತಿದ್ದ ನೀರಿನ ಕೊಡವನ್ನು ಕೆಳಗಿಟ್ಟಳು. ಅಷ್ಟರಲ್ಲಿ ಟ್ರ್ಯಾಕ್ಟರ್ ರಿಪೇರಿಯ ಅಲ್ಲಾಬಕ್ಷ ಕೈ ಒರೆಸಿಕೊಳ್ಳುತ್ತ ಬಂದ. ಪೆಟ್ರೋಲ್ ಇದೆಯೇ ಎಂದು ಕೇಳಿದ. ಗುರುಲಿಂಗಪ್ಪ ತುಂಬ ಇದೆ ಎಂದ. ಇಂಜಿನ್ ಬಿಸಿಯಾಗಿತ್ತೇ ಎಂದು ಕೇಳಿದ. ಇಲ್ಲವೇ ಇಲ್ಲ, ತಣ್ಣಗಿದೆ ಎಂದ.

ಅಲ್ಲಾಬಕ್ಷ ಉಗಿಯನ್ನು ನೋಡಿದ, ಗುರುಲಿಂಗಪ್ಪನನ್ನು ನೋಡಿದ. "ಮತ್ತ ಸಾಹೇಬ್ರ, ಒಳಗ ಯಾರರೆ ಹುಕ್ಕಾ ಸೇದ್ಲಾಕತ್ತಾರೇನ್ರಿ?"

ಟ್ಯಾಂಕನ್ನು ಬೆರಳಿನಿಂದ ಬಡಿದ. ಖಾಲಿ ಡಬ್ಬಿಯ ಸದ್ದು ಬಂತು. ಗುರುಲಿಂಗಪ್ಪ ತನ್ನ ಮೀಟರುಗಳ ಕತೆ ಹೇಳಿದ ಮೇಲೆ ಅಲ್ಲಾಬಕ್ಷ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ ಮಲಗಿದ. ಸ್ವಲ್ಪ ಹೊತ್ತಿಗೆ ಅವನ ನಗು ಕೇಳಿಸಿತು. ಯಾರೋ ಎರಡು ವೈರುಗಳನ್ನು ಬಿಚ್ಚಿ, ಹೊಸ ಕೆಂಪು ಟೇಪು ಸುತ್ತಿ, ಸರಿಯಾದ ಜಾಗಕ್ಕೆ ಜೋಡಿಸಿದ್ದರು. ಈಗ ಪೆಟ್ರೋಲಿಗೆ ಪೆಟ್ರೋಲು, ಬಿಸಿಗೆ ಬಿಸಿ. ಮುಳ್ಳುಗಳು ಬೆಳಿಗ್ಗೆಯಿಂದ ಖರೆಯನ್ನೇ ಹೇಳುತ್ತಿದ್ದವು.

"ಹಂಗಾರ ಕೆಟ್ಟಾವ," ಎಂದ ಗುರುಲಿಂಗಪ್ಪ. "ಮೊದಲಿನಂಗ ಮಾಡಿಕೊಡು ಅಣ್ಣಾ. ಹನ್ನೊಂದ್ ವರ್ಷ ಕಲ್ತದ್ದು ನಾ ಈಗ ಅರ್ಧ ದಾರ್ಯಾಗ ಮರೀಲಾಕ ಆಗಲ್ಲ. ಮುದುಕಿ ಕಣ್ಣಿನ ಮಾತದ."

"ಮೂವತ್ತ ವರ್ಷ ಆತ್ರಿ ಈ ಧಂಧಾ ಮಾಡ್ಲಾಕತ್ತು. ನೆಟ್ಟಗಿದ್ದದ್ದು ಕೆಡಿಸು ಅಂದವ್ರು ನೀವೇ ಮೊದಲ್ನೇರು," ಎಂದು ಅಲ್ಲಾಬಕ್ಷ ವೈರುಗಳನ್ನು ಅದಲುಬದಲು ಮಾಡಿದ. ಚಹಾದಂಗಡಿಯವನು ತನ್ನ ಮೋಟರ್‌ಸೈಕಲ್ಲಿನಿಂದ ಪೆಟ್ರೋಲ್ ಇಳಿಸಿ ಕೊಟ್ಟ. ಇಂಜಿನ್ ಆರಿದ ಮೇಲೆ ಮಲ್ಕಮ್ಮನ ಕೊಡದ ನೀರು ರೇಡಿಯೇಟರಿಗೆ ಹೋಯಿತು. ಉಳಿದವರು ತಳ್ಳಿದರು. ಮಾಳಿಂಗಪ್ಪ ತಳ್ಳುವವರಿಗೆ ಸಲಹೆ ಕೊಟ್ಟ. ಗುರುಲಿಂಗಪ್ಪ ಕಿಟಕಿಯಿಂದ ಕುತ್ತಿಗೆ ನೋಯುವವರೆಗೂ ಹಿಂದೆ ತಿರುಗಿ ಎಲ್ಲರಿಗೂ ಕೈಮುಗಿದ. ಮುಂದೆ ಕಮಲಾಪುರದವರೆಗೂ, ವೈರು ಮುಟ್ಟಿದ ಆ ಕಿಡಿಗೇಡಿಗೆ ಏಳು ತಲೆಮಾರಿನ ಶಾಪ ಹಾಕಿದ.

ಪುತಳಾಬಾಯಿ ಇಳಕಲ್ ಸೀರೆಯುಟ್ಟು ಗಂಟು ಹಿಡಿದು ಕಟ್ಟೆಯ ಮೇಲೆ ಕಾಯುತ್ತಿದ್ದಳು. ಮಾಳಿಂಗಪ್ಪ ಬಾಳೆಹಣ್ಣಿನ ಗೊನೆಯೊಂದಿಗೆ ಹಿಂದಕ್ಕೆ ಹೋದ, ಮುದುಕಿ ಮುಂದೆ ಕೂತಳು. ಊರು ದಾಟಿದ ಮೇಲೆ ಮೆಲ್ಲಗೆ ಬಾಯಿಬಿಟ್ಟಳು.

"ಅಳಿಯಂದ್ರ, ಗಾಡಿ ಮುಳ್ಳು ನೆಟ್ಟಗ ನಡದಾವಿಲ್ರಿ?"

ಗುರುಲಿಂಗಪ್ಪನ ಕಾಲು ಬ್ರೇಕಿನ ಮೇಲೆ ಹೋಯಿತು.

"ಕಣ್ಣು ತೋರಸ್ಲಾಕ ಮೂರ್ ಸಲ ಹೊತಗೊಂಡು ತಿರುಗ್ಯಾಡೀರಿ. ಹಡೆದ ಮಗನೂ ಮಾಡಲ್ಲ. ಶಲ್ಯ ಕೊಟ್ರ ಪೆಟ್ಟಿಗ್ಯಾಗ ಇಡ್ತೀರಿ. ಅದಕ್ಕ ನಮ್ಮೂರ ಪೀರಪ್ಪಗ, ಕರೆಂಟಿನ ಕೆಲಸದಾವಗ, ಗಂಟುಬಿದ್ದು, ಗಾಡಿ ವೈರು ನೆಟ್ಟಗ ಜೋಡಿಸಿ ಬಾ ಅಂತ ನಿನ್ನಿ ನಿಮ್ಮನಿಗಿ ಕಳಿಸಿದ್ದೆ. ನೀವು ಆಫೀಸಿನ್ಯಾಗಿದ್ರಿ, ಗಾಡಿ ಮನಿ ಮುಂದೇ ಇತ್ತಂತ. ಹೇಳಬ್ಯಾಡ, ಅವ್ರೇ ನೋಡಿ ಖುಷಿ ಆಗ್ಲಿ ಅಂದಿದ್ದೆ."

ಹಿಂದಿನ ಸೀಟಿನಲ್ಲಿ ಮಾಳಿಂಗಪ್ಪನಿಗೆ ಬಾಳೆಹಣ್ಣು ಗಂಟಲಲ್ಲಿ ಸಿಕ್ಕಿತು. ಗುರುಲಿಂಗಪ್ಪನ ಗಂಟಲಲ್ಲಿ ಏಳು ತಲೆಮಾರಿನ ಶಾಪ ಸಿಕ್ಕಿತ್ತು. "ಭಾಳ ಉಪಕಾರ ಆತ್ರಿ ಅತ್ತಿ. ಫಸ್ಟ್ ಕ್ಲಾಸ್ ನಡದಾವ," ಎಂದ. ಮುದುಕಿಗೆ ಆನಂದ ತಡೆಯಲಿಲ್ಲ. ಒಂದೊಂದು ಮೈಲಿಗೂ ಈಗ ಪೆಟ್ರೋಲ್ ಎಷ್ಟಿದೆ, ಬಿಸಿ ಎಷ್ಟಿದೆ ಎಂದು ಕೇಳಿದಳು. ಅವನು ಒಂದನ್ನು ನೋಡಿ ಇನ್ನೊಂದನ್ನು ಹೇಳುತ್ತ ಬಂದ. ಆಕೆಗೆ ಕಾಣುವುದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡ. ಕಾಣುವಂತೆ ಮಾಡಿಸಲಿಕ್ಕೇ ತಾನು ಒಯ್ಯುತ್ತಿರುವುದು ಎಂಬುದು ಗುಲ್ಬರ್ಗಾದ ಹೊಸ್ತಿಲಲ್ಲಿ ತಲೆಗೆ ಹೊಳೆಯಿತು.

ಒಂದಕ್ಕೆ ಹತ್ತು ನಿಮಿಷವಿರುವಾಗ ದವಾಖಾನೆ ಮುಟ್ಟಿದರು. ಆಪರೇಷನ್ ಚೆನ್ನಾಗಿ ಆಯಿತು, ನಾಳೆ ಪಟ್ಟಿ ಬಿಚ್ಚುವುದಾಗಿ ಹೇಳಿದರು. ಬಂಡೆಮ್ಮ ತಾಯಿಯ ಬಳಿ ಉಳಿದಳು. ಗುರುಲಿಂಗಪ್ಪ ನೇರ ಒಂದು ಗ್ಯಾರೇಜಿಗೆ ಹೋಗಿ ವೈರುಗಳನ್ನು ಮತ್ತೆ ನೆಟ್ಟಗೆ ಮಾಡಿಸಿದ, ಟ್ಯಾಂಕು ತುಂಬಿಸಿದ. ಪ್ರೀತಿಯಿಂದ ಕೊಟ್ಟದ್ದನ್ನು ಕಿತ್ತೊಗೆದೆನೆಂದು ಮುದುಕಿಗೆ ತಿಳಿಯಬಾರದು. ಸಂಜೆಯೆಲ್ಲ ಗಾಡಿಯಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುವ ಹಾಗೆ "ಪೆಟ್ರೋಲಿಗಿ ಪೆಟ್ರೋಲು, ಬಿಸಿಗಿ ಬಿಸಿ" ಎಂದು ಉರುಹೊಡೆದ. ಕೊನೆಗೆ ತಲೆಗೆ ಹತ್ತಿತು.

ಮರುದಿನ ಪಟ್ಟಿ ಬಿಚ್ಚಿದಾಗ ಮಗಳು ಕೂಸನ್ನು ಅಜ್ಜಿಯ ಮುಂದೆ ಹಿಡಿದಳು. ಪುತಳಾಬಾಯಿ ಕೂಸಿನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ಮೂಗು ನಮ್ಮನಿದೇ ಅದ," ಎಂದಳು. ಗುರುಲಿಂಗಪ್ಪ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಮಹಾಗಾಂವದ ಮಂದಿಯೆಲ್ಲ ಒಬ್ಬೊಬ್ಬರಾಗಿ ನೆನಪಾದರು.

ಮುದುಕಿಯನ್ನು ಮುಂದೆ ಕೂಡಿಸಿಕೊಂಡು ಮನೆಗೆ ಹೊರಟ. ಪೆಟ್ರೋಲ್ ಮೀಟರು ತಳದಲ್ಲಿತ್ತು. ನಿನ್ನೆಯಷ್ಟೇ ತುಂಬಿಸಿದ್ದನಲ್ಲ. ನೂರು ಮಾರು ಹೋಗುವಷ್ಟರಲ್ಲಿ ಮುಳ್ಳು ಮೈಮುರಿದು ಮೆಲ್ಲಗೆ ಏರತೊಡಗಿತು. ಗುರುಲಿಂಗಪ್ಪ ನಿಧಾನವಾಗಿ ಅತ್ತೆಯ ಕಡೆ ತಿರುಗಿದ. ಅತ್ತೆ ಹೊಸ ಕಣ್ಣಿನಲ್ಲಿ ನಗುತ್ತಿದ್ದಳು.

"ಬಂಡೆವ್ವ ಎಲ್ಲಾ ಹೇಳ್ಯಾಳ್ರಿ. ನಿಮಗ ಅದಲುಬದಲು ಇದ್ದದ್ದೇ ರೂಢಿ ಅಂತ. ನಾ ನೆಟ್ಟಗ ಮಾಡಿಸಿ ನಿಮಗ ತ್ರಾಸ ಕೊಟ್ಟೆ, ಆದ್ರ ನನ್ನ ಮನಸ್ಸಿಗಿ ನೋವಾಗಬಾರ್ದಂತ ನೀವು ತುಟಿ ಬಿಚ್ಚಲಿಲ್ಲ. ಮುಂಜಾನಿ ಪೀರಪ್ಪ ನನಗ ನೋಡ್ಲಾಕ ಬಂದಿದ್ದ. ನೀವು ಚಹಾ ಕುಡೀಲಾಕ ಹೋದಾಗ, ಮೊದಲ ಹ್ಯಾಂಗಿತ್ತೋ ಹಂಗೇ ಜೋಡಿಸಿಬಿಡಪ್ಪಾ ಅಂದೆ. ಈಗ ಹೇಳ್ರಿ, ಪೆಟ್ರೋಲ್ ಎಷ್ಟದ?"

ಹನ್ನೊಂದು ವರ್ಷದ ಪಾಠ ಒಂದು, ನಿನ್ನೆ ಸಂಜೆಯ ಪಾಠ ಒಂದು. ಎರಡೂ ಅವನ ತಲೆಯಲ್ಲಿ ಡಿಕ್ಕಿ ಹೊಡೆದು ಎರಡರ ಹಲ್ಲೂ ಉದುರಿದವು.

"ಭಾಳ ಉಪಕಾರ ಆತ್ರಿ ಅತ್ತಿ," ಎಂದ ಗುರುಲಿಂಗಪ್ಪ. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಇಳಿದು, ಬೇಲಿಯಿಂದ ಉದ್ದನೆಯ ಒಂದು ಕಡ್ಡಿ ಮುರಿದುಕೊಂಡು ಟ್ಯಾಂಕಿನ ಮುಚ್ಚಳದ ಕಡೆ ನಡೆದ.