ಅವಧೂತರ ಬಿಳಿ ಪ್ಯಾಂಟಿನ ಮೇಲೆ ಕಂಪ್ಯೂಟರ್ ವಿದ್ಯೆ

ಕಂಪ್ಯೂಟರಿನ ಗರ್ವಭಂಗ ಮಾಡಿಯೇ ತೀರುತ್ತೇನೆಂದು ಸುಹಾಸಿನಿಯಾದ ನಾನು ಶಪಥ ತೊಟ್ಟೆ! ಎಂಬತ್ತೇಳನೆಯ ಇಸವಿ. ಮದುವೆಯಾದ ಮೇಲೆ ಖಾನಾಪುರದಿಂದ ರೈಲಿನಲ್ಲಿ ಬೆಳಗಾವಿಗೆ ಓಡಾಡಿ ಎಂ.ಎಸ್ಸಿ. ಓದುತ್ತಿದ್ದೆ. ಇಡೀ ವಿಭಾಗಕ್ಕೆ ಒಂದೇ ಕಂಪ್ಯೂಟರು. ಚಪ್ಪಲಿ ಬಿಟ್ಟು ಪ್ರವೇಶಿಸಬೇಕಾದ ತಣ್ಣನೆಯ ಗರ್ಭಗುಡಿ! ಅನಗೋಳದ ಗೆಳತಿ ಕಾಂತಾ ಖಾಸಗಿ ಕ್ಲಾಸಿನಲ್ಲಿ ಕಲಿತು ಕಣ್ಣುಮುಚ್ಚಿ ಟೈಪು ಮಾಡುತ್ತಿದ್ದಳು. ನನ್ನ ಸರದಿ ಬರುವಷ್ಟರಲ್ಲಿ ದಿನವೂ ರೈಲಿನ ಹೊತ್ತಾಗುತ್ತಿತ್ತು. ಸೋಮವಾರ ಪರೀಕ್ಷೆ. ತಮ್ಮ ಹೆಸರನ್ನೂ ಟೈಪು ಮಾಡಲಾರದವರಿಗೆ ಆ ಕೋಣೆಯ ಬಾಗಿಲು ಬಂದ್!

ಕಾಂತಾಳಿಂದ ಕೇಳಿ ತಂದ ಕೀಬೋರ್ಡಿನ ಚಿತ್ರವನ್ನು ನಮ್ಮ ಊಟದ ಮಣೆಯ ಮೇಲೆ ಪೆನ್ಸಿಲಿನಿಂದ ಇಳಿಸಿಕೊಂಡು, ಶನಿವಾರ ಹಿಂದಿರುಗಿಸಿದೆ. ರವಿವಾರ ಮುಂಜಾನೆ ಆ ಗೆರೆಗಳ ಮೇಲೆ ಕಪ್ಪು ಎಣ್ಣೆಬಣ್ಣ ಬಳಿದು, ಆರಲು ಬಿಟ್ಟು, ಅವಲಕ್ಕಿ ಒಗ್ಗರಣೆಗೆಂದು ಒಳಗೆ ಹೋದೆ. ಬಂದು ನೋಡಿದರೆ, ದೇಸೂರಿನ ಮದುವೆಗೆ ಹೊರಟ ನಮ್ಮವರು, ಅವಧೂತರು, ಹೊಸ ಬಿಳಿ ಪ್ಯಾಂಟಿನಲ್ಲಿ ಅದರ ಮೇಲೆಯೇ ವಿರಾಜಮಾನರು!

"ಏಳಬ್ಯಾಡ್ರಿ!" ಎಂದು ಚೀರಿದೆ.

"ಯಾಕ? ಇನ್ನೂ ಅವಲಕ್ಕಿ ಹಾಕಾಕಿ ಏನು?"

ಎದ್ದೇಬಿಟ್ಟರು. ಮಣೆಯ ಮೇಲೆ ಬರೀ ಮಸಿ ಉಳಿದಿತ್ತು. ಸಮಗ್ರ ಕೀಬೋರ್ಡು ಅವರ ಹಿಂಭಾಗದಲ್ಲಿ!

"ಪ್ಯಾಂಟ ಬಿಚ್ಚರಿ, ಒಗೀಬ್ಯಾಡ್ರಿ. ಖಾನಾಪುರದಾಗ ಈಗ ಇರೂದು ಇದೊಂದ ಕೀಬೋರ್ಡ!"

"ಮದುವಿಗೆ ನಾ ಏನ ಉಟಗೊಂಡ ಹೋಗ್ಲಿ?"

"ಮಾವನವರ ಧೋತರ ಐತಲ್ರಿ!"

ಪ್ಯಾಂಟನ್ನು ಬಿಗಿಯಾಗಿ ಹಾಸಿ, ಸಂಜೆಯವರೆಗೆ ಅದರ ಮೇಲೆ ತಪಸ್ಸು ಮಾಡಿದೆ. ಅಕ್ಷರಗಳು ಕೊಂಚ ವಕ್ರವಾಗಿ ಕಂಡವು. ಯಜಮಾನರ ಭಾರಕ್ಕೆ ಹಾಗಾಗಿರಬೇಕೆಂದು ಸುಮ್ಮನಾದೆ.

ಸೋಮವಾರ ಕಂಪ್ಯೂಟರಿನ ಮುಂದೆ ಕುಳಿತು, ಕಾಂತಾ ನೋಡಲೆಂದೇ ಕಣ್ಣುಮುಚ್ಚಿ, ಹೆಸರನ್ನು ಝಾಡಿಸಿದೆ.

"ಕೆ, ಆರ್, ಎಫ್, ಎಲ್... ಇದೇನ್ ಹೆಸರವಾ?" ಎಂದರು ಪರೀಕ್ಷಕರು.

ಕಣ್ಣು ತೆರೆದೆ. ಎಡಗಡೆಯ ಅಕ್ಷರಗಳೆಲ್ಲ ನನ್ನ ಪ್ಯಾಂಟಿನ ಪಾಠದಲ್ಲಿ ಬಲಗಡೆಗಿದ್ದವು! ಠಸ್ಸೆ ಒತ್ತಿದರೆ ಎಡ ಬಲವಾಗುವುದೆಂಬ ಸತ್ಯ ಆಗ ಹೊಳೆಯಿತು. ಕಾಂತಾ ಕಿಸಕ್ಕೆಂದಳು.

"ಇನ್ನೊಂದ ಸಲ ಕೊಡ್ರಿ ಸರ್. ಹೆಸರ ಮೂಡೂ ತನಕ ನಾ ಏಳಾಕಿ ಅಲ್ಲ!"

ಅಕ್ಕಿಯೊಳಗಿನ ಹರಳು ಆರಿಸುವಂತೆ, ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಹೆಸರು ಮೂಡಿತು. ಪಾಸು!

ಮನೆಗೆ ಬಂದು ಊಟಕ್ಕೆ ಬಡಿಸುತ್ತ ಸುದ್ದಿ ಹೇಳಿದೆ. ಅವಧೂತರು ಹಿಗ್ಗಿದರು.

"ಶಾಬಾಸ್! ಮುಂದಿನ ವಾರ ಏನ ಕಲಸ್ತಾರ?"

"ಪ್ರಿಂಟ್ ತಗಿಯೂದ್ರಿ."

ಅವರು ಮಣೆಯನ್ನು ಮೆಲ್ಲಗೆ ಗೋಡೆಗೆ ಆನಿಸಿಟ್ಟರು.

"ತಾಟ ಇಲ್ಲೆ ಕೈಯಾಗ ಕೊಡು. ನಾ ನಿಂತ ಉಣ್ತೀನಿ."