ಧ್ವನಿವರ್ಧಕಕ್ಕೆ ಎರಡು ಚಮಚ ಅಂಟು

"ದೊಡ್ಡಮ್ಮಾ, ಇದು ಬರೀ ಅಂಟು ಅಂದ್ಕೋಬೇಡ. ಮರದ ತೊಗಟೆಯಿಂದ ಒಸರಿ ಗಟ್ಟಿಯಾಗುತ್ತಲ್ಲ, ಅದನ್ನ ಆರಿಸಿ, ಕುಟ್ಟಿ, ಜರಡಿ ಹಿಡಿದ ಪುಡಿ. ಐಸ್‌ಕ್ರೀಮು ನುಣ್ಣಗಿರೋಕೆ ಇಂಥದ್ದೇ ಬೇಕು. ಬಾಟ್ಲಿಯಲ್ಲಿ ಸಾಸು ಒಂದ್ಕಡೆ, ನೀರು ಒಂದ್ಕಡೆ ಆಗದ ಹಾಗೆ ಹಿಡಿದಿಡೋಕೂ ಬೇಕು. ಬಟ್ಟೆ ಮೇಲೆ ಅಚ್ಚು ಹಾಕೋವಾಗ ಬಣ್ಣ ಹರಡಬಾರದಲ್ಲ, ಅದಕ್ಕೂ ಬೇಕು. ಕಾಗದದ ಗಿರಣಿಯವರಂತೂ ಮೂಟೆಗಟ್ಟಲೆ ಒಯ್ತಾರೆ. ಅಷ್ಟೇ ಯಾಕೆ, ಕಟ್ಟಿಸ್ಕೊಂಡ ಹಲ್ಲಿನ ಸೆಟ್ಟು ಸಡಿಲ ಆದ್ರೆ ಒಂದು ಚಿಟಿಕೆ ಉದುರಿಸಿ ಕಚ್ಚಿ ಹಿಡಿದ್ರೆ ಮುಗೀತು, ಅಲ್ಲಾಡಲ್ಲ!"

ಅಂಟಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಇಷ್ಟು ಹೇಳಿ ಒಂದು ಪೊಟ್ಟಣ ಕೊಟ್ಟಳು. ಮಿಕ್ಕದ್ದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಹಲ್ಲಿನ ಸೆಟ್ಟು ಮಾತ್ರ ಒಳಗೇ ಉಳಿಯಿತು.

ಕಾರಣವಿದೆ. ನಮ್ಮ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ಧ್ವನಿವರ್ಧಕ. ನಲವತ್ತೆರಡು ವರ್ಷಗಳಿಂದ ಅದರ ಸಮಸ್ತ ಶ್ರೋತೃವೃಂದ ನಾನೊಬ್ಬಳೇ. (ಓದಿದ್ದು ಮೂರನೆಯ ತರಗತಿ, ಕೇಳುವುದರಲ್ಲಿ ಮಾತ್ರ ಮಹಾಪಂಡಿತೆ.) ಈ ಸಲ ಅವರು ಬೀದಿಯ ಸಂಘದ ಅಧ್ಯಕ್ಷಗಿರಿಗೆ ನಿಂತಿದ್ದರು. ಗೆದ್ದರೆ ದಿನವೂ ಮಾತೆಲ್ಲ ಸಂಘದಲ್ಲಿ ಖರ್ಚು, ಮನೆಯಲ್ಲಿ ಮೌನ! ನನ್ನ ಮುಪ್ಪಿನ ನೆಮ್ಮದಿಯೆಲ್ಲ ಆ ಒಂದು ಕುರ್ಚಿಯ ಮೇಲೆ ನಿಂತಿತ್ತು. ಆದರೆ ಹೋದ ವರ್ಷ ಭಾಷಣದಲ್ಲಿ "ಬಂಧುಗಳೇ" ಎನ್ನುವಷ್ಟರಲ್ಲಿ ಮೇಲಿನ ಸೆಟ್ಟು ಹಾರಿ ಎದುರಾಳಿ ಟೈಲರನ ಮಡಿಲಲ್ಲಿ ಬಿದ್ದಿತ್ತು. ಕುರ್ಚಿಯೂ ಅವನ ಪಾಲಾಯಿತು.

ಸಭೆಯ ದಿನ ಪೊಟ್ಟಣ ಬಿಚ್ಚಿದೆ. ಚಿಟಿಕೆ ಎಂದಿದ್ದಳು. ಅದು ಸಾಮಾನ್ಯ ಮನುಷ್ಯರ ಬಾಯಿಗಾಯಿತು! ಇವರ ಬಾಯಿಯ ರಭಸಕ್ಕೆ ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಚಮಚ ಸುರಿದೆ.

"ಏನೇ ಇದು, ಗಾರೆ ಕೆಲಸಾನಾ?"

"ಮಾತು ಸಾಕು, ಕಚ್ಚಿ ಹಿಡೀರಿ!"

ಹಿಡಿದರು. ಎಂಜಲು ತಾಗಿದ್ದೇ ತಡ, ಪುಡಿ ಉಬ್ಬಿ ಮೇಲಿನ ಸಾಲು ಕೆಳಗಿನ ಸಾಲನ್ನು ಗಾಢವಾಗಿ ಆಲಿಂಗಿಸಿತು. ವೇದಿಕೆಯ ಮೇಲೆ ಅವರಿಂದ ಹೊರಟಿದ್ದು "ಮ್ಮ್" ಎಂಬ ಏಕಾಕ್ಷರ. ಕೈ ಬೀಸಿದರು, ತಲೆಯಾಡಿಸಿದರು, ನನ್ನತ್ತ ಕೆಕ್ಕರಿಸಿದರು, ಕೆಳಗಿಳಿದರು. ನಾನು ಅಂಗೈಯಲ್ಲಿ ಮುಖ ಮುಚ್ಚಿಕೊಂಡೆ.

ಚಪ್ಪಾಳೆಯೋ ಚಪ್ಪಾಳೆ!

"ಇಷ್ಟು ಬೇಗ ಮುಗಿದ ಭಾಷಣ ನನ್ನ ಜನ್ಮದಲ್ಲೇ ಕೇಳಿಲ್ಲ ಕಣ್ರೀ!" ಎಂದಳು ಬೇಕರಿಯವಳು.

"ನಮಗಿಂಥಾ ಅಧ್ಯಕ್ಷರೇ ಬೇಕು" ಎಂದು ಟೈಲರನೇ ಕೈಯೆತ್ತಿದ. ಅವಿರೋಧ ಆಯ್ಕೆ! ನಾನು ಕುಣಿಯುವುದೊಂದು ಬಾಕಿ.

ಮನೆಯಲ್ಲಿ ಬಿಸಿನೀರು ಮುಕ್ಕಳಿಸಿ ಮುಕ್ಕಳಿಸಿ ಕೊನೆಗೂ ಬಾಯಿ ಬಿಟ್ಟರು.

"ಲೇ ಇವಳೇ, ಜನ ಆರಿಸಿದ್ದು ನನ್ನ ಮೌನಾನ. ಇನ್ಮೇಲೆ ಸಂಘದಲ್ಲಿ ತುಟಿ ಪಿಟಕ್ಕೆನ್ನಲ್ಲ."

"ಮತ್ತೆ ಅಲ್ಲಿ ಆಡೋ ಮಾತೆಲ್ಲ?"

"ಮನೆಗೆ ತರ್ತೀನಿ. ನೀನಿಲ್ವಾ?"

ಅಂದಿನಿಂದ ಚರಂಡಿ, ಬೀದಿದೀಪ, ಕಸದ ಗಾಡಿ, ಸಕಲವೂ ಅಡುಗೆಮನೆಯ ಬಾಗಿಲಲ್ಲೇ ಮಂಡನೆಯಾಗುತ್ತಿವೆ. ಮೊದಲಾದರೆ ಜಾರಿದ ಹಲ್ಲನ್ನು ಸರಿಪಡಿಸಿಕೊಳ್ಳಲು ನಡುನಡುವೆ ನಿಲ್ಲುತ್ತಿದ್ದರು. ನನಗೂ ಅರೆಗಳಿಗೆ ಬಿಡುವು ಸಿಗುತ್ತಿತ್ತು. ಈಗ ಪುಡಿ ಅಳತೆಯಂತೆ ಬೀಳುತ್ತದೆ. ಹಲ್ಲು ಅಲ್ಲಾಡುವುದಿಲ್ಲ, ಮಾತು ನಿಲ್ಲುವುದಿಲ್ಲ.

"ಕೇಳಿಸ್ಕೊಂಡ್ಯೇನೇ? ಇದು ಮೊದಲನೇ ಅಂಶ. ಇನ್ನು ಎರಡನೇದು..."

"ಹೂಂ" ಎಂದು ನಾನು ತಳ ಹಿಡಿದ ಪಾತ್ರೆಗೆ ನೀರು ಹಾಕಿ ಉಜ್ಜತೊಡಗಿದೆ.